ಒಂದು ಮನೆ, ಒಂದು ನಾಯಿ, ಒಂದೇ ಮಾತು

ಬೈಕ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಸುದ್ದಿ ಕಳಿಸುವ ನಮ್ಮಂಥವರಿಗೆ ಯಾವ ಊರಿಗೆ ಹೋದರೂ ಮೊದಲು ಎದುರಾಗುವುದು ಅಗಸಿಯ ನಾಯಿಗಳು. ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಶಾಲೆಯ ಹೆಡ್ ಮಾಸ್ತರರು ಎಲ್ಲ ಆಮೇಲೆ. ಹತ್ತು ವರ್ಷ ಹೀಗೆ ತಿರುಗಿದ ಮೇಲೆ ಒಂದು ಪಾಠ ಮೈಗೂಡಿದೆ. ನಾಯಿ ಬೆನ್ನಟ್ಟಿದಾಗ ಗಾಡಿಯ ವೇಗ ಹೆಚ್ಚಿಸಿದರೆ ಅದರ ಓಟವೂ ಹೆಚ್ಚುತ್ತದೆ. ಗಾಡಿ ನಿಧಾನ ಮಾಡಿ, ಕಾಲು ಕೆಳಗಿಟ್ಟು, ಅದರ ಕಣ್ಣನ್ನು ದಿಟ್ಟಿಸದೆ ಸುಮ್ಮನೆ ನಿಂತರೆ, ಬಹುತೇಕ ಸಲ ನಾಲ್ಕು ಬಾರಿ ಬೊಗಳಿ, ಮೂಸಿ, ತನ್ನ ಜಾಗಕ್ಕೆ ಹೋಗಿ ಮಲಗುತ್ತದೆ. ಓಡುವುದನ್ನು ಬೆನ್ನಟ್ಟುವುದು ನಾಯಿಯ ಹುಟ್ಟುಗುಣ. ಓಡುವುದು ನಿಂತರೆ ಬೆನ್ನಟ್ಟಲು ಏನೂ ಉಳಿಯುವುದಿಲ್ಲ.

ನಾಯಿ ಕಡಿತದ ಸುದ್ದಿಯೂ ನಮಗೆ ಹೊಸದಲ್ಲ. ಯಾವ ಓಣಿ, ಎಷ್ಟು ಮಂದಿ, ವಯಸ್ಸೆಷ್ಟು, ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ, ಪುರಸಭೆ ವಿರುದ್ಧ ನಿವಾಸಿಗಳ ಆಕ್ರೋಶ. ಸಿಂಗಲ್ ಕಾಲಂನಲ್ಲಿ ಇಷ್ಟು ಹಿಡಿಸುತ್ತದೆ. 'ಏಕಾಏಕಿ ದಾಳಿ' ಎಂಬ ಎರಡು ಪದ ಅದರಲ್ಲಿ ಇದ್ದೇ ಇರುತ್ತದೆ. ಕಡಿತಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ, ಹತ್ತು ತಿಂಗಳಲ್ಲಿ ಆ ನಾಯಿಗೆ ಏನಾಗಿತ್ತು ಎಂಬುದಕ್ಕೆ ಪೇಪರಿನ ಕಾಲಂನಲ್ಲಿ ಜಾಗವಿಲ್ಲ. ಇಲ್ಲಿ ಇದೆ. ಅದಕ್ಕೇ ನಮ್ಮ ಮನೆಗೆ ಬಂದ ಒಂದು ನಾಯಿಯ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಅದರ ಹೆಸರು ಮೋತಿ. ಕಾರವಾನಿ ಜಾತಿ. ಹೊರಗಿನವರು ಮುಧೋಳ ಹೌಂಡ್ ಎನ್ನುವುದನ್ನು ನಮ್ಮ ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಕಾರವಾನಿ ಅನ್ನುತ್ತಾರೆ. ಉದ್ದ ಮೂತಿ, ಒಳಸೇರಿದ ಹೊಟ್ಟೆ, ಎಲುಬು ಕಾಣುವ ಪಕ್ಕೆ. ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ನಾಯಿ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಆಸಕ್ತಿಯಿಂದ ಹೆಸರಾದ ತಳಿ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸೇನೆಯವರು ಇದರ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ದೇಶಿ ತಳಿಗಳ ಬಗ್ಗೆ ಮಾತಾಡುತ್ತ ಮುಧೋಳದ ಹೆಸರು ಹೇಳಿದ ಮೇಲೆ ನಮ್ಮ ಫೋನಿಗೂ ಕರೆ ಬರತೊಡಗಿದವು: 'ಒಂದ ಮರಿ ಕೊಡಸ್ರಿ.'

ಹೆಸರು ಕೇಳಿ ಮರಿ ಬಯಸಿದವರಲ್ಲಿ ನಮ್ಮ ಅಕ್ಕನ ಮನೆಯವರೂ ಇದ್ದರು. ಅವರದು ಪಟ್ಟಣದ ಮನೆ. ಮುಂದೆ ಹತ್ತು ಹೆಜ್ಜೆ ಅಗಲದ ಸಿಮೆಂಟ್ ಅಂಗಳ. ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದು ಹುಟ್ಟಿದ ನಾಯಿ ಆ ಅಂಗಳದ ಮೂಲೆಯಲ್ಲಿ ಸರಪಳಿಗೆ ಬಿತ್ತು.

ಮರಿ ಉಣ್ಣುವಾಗ ಯಾರಾದರೂ ಹತ್ತಿರ ಹೋದರೆ ಗುರ್ ಎನ್ನುತ್ತಿತ್ತು. 'ಉಣ್ಣಾಕ ಹಾಕಿದವರಿಗೇ ಗುರ್ ಅಂತೈತೇನ' ಎಂದು ಭಾವ ಚಪ್ಪಲಿಯಿಂದ ಬಾರಿಸಿದರು. ಮತ್ತೆ ಗುರ್ ಎಂದಿತು. ಈ ಸಲ ಬೆಲ್ಟ್ ಬಂತು. ಒಂದು ವರ್ಷ ತುಂಬುವಷ್ಟರಲ್ಲಿ ಗುರುಗುಟ್ಟುವುದು ನಿಂತೇಹೋಯಿತು. ಬಂದ ನೆಂಟರ ಮುಂದೆ ಭಾವ ಅದರ ತಟ್ಟೆಗೆ ಕೈ ಹಾಕಿ ತೋರಿಸುತ್ತಿದ್ದರು: 'ನೋಡ್ರಿ, ಹೆಂಗ ಹದಕ್ಕ ಬಂತು.'

ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ಅದೇ ತಟ್ಟೆಯ ಹತ್ತಿರ ಚೆಂಡು ಉರುಳಿತು. ಎತ್ತಿಕೊಳ್ಳಲು ಬಗ್ಗಿದ ಎಂಟು ವರ್ಷದ ನಮ್ಮ ಅಳಿಯನ ಮುಂಗೈಗೆ ಮೋತಿ ಬಾಯಿ ಹಾಕಿತು. ಬೊಗಳಲಿಲ್ಲ, ಗುರ್ ಎನ್ನಲಿಲ್ಲ. ಸುಮ್ಮನೆ ನಿಂತಿತ್ತು, ಮರುಕ್ಷಣ ಕಚ್ಚಿತ್ತು. 'ಏನೂ ಸುಳಿವ ಕೊಡಲಿಲ್ಲ, ಏಕಾಏಕಿ ಹಿಡೀತು' ಎಂದು ಎಲ್ಲರೂ ಹೇಳಿದರು. ಸುಳಿವು ಕೊಡುವುದನ್ನೇ ಅದಕ್ಕೆ ಹೊಡೆದು ಬಿಡಿಸಲಾಗಿತ್ತು.

ನಾಯಿಯ ಗುರುಗುಟ್ಟುವಿಕೆ ಅಂದರೆ 'ದೂರ ನಿಲ್ಲು, ಇಲ್ಲದಿದ್ದರೆ ಕಚ್ಚಬೇಕಾದೀತು' ಎಂಬ ಮಾತು. ಕಚ್ಚುವುದನ್ನು ತಪ್ಪಿಸಲೆಂದೇ ನಾಯಿ ಅದನ್ನು ಆಡುತ್ತದೆ. ಅದಕ್ಕೆ ಹೊಡೆದರೆ ನಾಯಿಯ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಕೊಡುವ ಅಭ್ಯಾಸ ಮಾತ್ರ ಹೋಗುತ್ತದೆ. ಆಮೇಲೆ ಅದರ ಬಳಿ ಉಳಿಯುವುದು ಹಲ್ಲು ಒಂದೇ.

ಅಕ್ಕ ಮಾಡಿದ ಒಳ್ಳೆಯ ಕೆಲಸವೆಂದರೆ ಹುಡುಗನ ಕೈಯನ್ನು ತಕ್ಷಣ ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆದದ್ದು. ಪಕ್ಕದ ಮನೆಯವರು ಸುಣ್ಣ ತಂದರು, ಇನ್ನೊಬ್ಬರು ಖಾರದಪುಡಿ ಎಂದರು. ಯಾವುದನ್ನೂ ಹಚ್ಚಗೊಡಲಿಲ್ಲ. ಅದೇ ದಿನ ಆಸ್ಪತ್ರೆಯಲ್ಲಿ ಗಾಯಕ್ಕೆ ಇಮ್ಯುನೊಗ್ಲೋಬುಲಿನ್ ಕೊಟ್ಟು, ರೇಬಿಸ್ ಲಸಿಕೆ ಶುರುಮಾಡಿದರು. ಆ ದಿನ, ಮೂರನೇ ದಿನ, ಏಳನೇ ದಿನ, 28ನೇ ದಿನ. ಒಂದನ್ನೂ ತಪ್ಪಿಸಲಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಸಾಕಿದ ನಾಯಿ ಕಚ್ಚಿದರೂ, ಗಾಯ ಸಣ್ಣದಿದ್ದರೂ, ಈ ಎರಡು ಕೆಲಸ ಬಿಡುವಂತಿಲ್ಲ: ತೊಳೆಯುವುದು, ಲಸಿಕೆ.

ನಾಯಿಯ ಗತಿ ಏನು ಎಂಬ ಮಾತು ಅದೇ ಸಂಜೆ ಎದ್ದಿತು. ದೂರದ ಕಬ್ಬಿನ ಗದ್ದೆಗೆ ಒಯ್ದು ಬಿಡುವುದು ಒಬ್ಬರ ಸಲಹೆ. ರೊಟ್ಟಿಯಲ್ಲಿ ಔಷಧಿ ಇಟ್ಟುಬಿಡಿ ಎಂದರು ಇನ್ನೊಬ್ಬರು. ವೈದ್ಯರು ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ಗಮನಿಸಿ ಎಂದಿದ್ದರು. ಆ ಮನೆಯಲ್ಲಿ ಅದರ ಹತ್ತಿರ ಹೋಗಿ ನೀರಿಡುವವರು ಯಾರೂ ಉಳಿದಿರಲಿಲ್ಲ. ಹೀಗಾಗಿ ಹತ್ತು ದಿನಕ್ಕೆ ಎಂದು ಮೋತಿ ಗೂಡ್ಸ್ ಆಟೊದಲ್ಲಿ ನಮ್ಮ ಹಳ್ಳಿಯ ಹಿತ್ತಲಿಗೆ ಬಂತು.

ನಮ್ಮದು ಐದು ಜನರ ಮನೆ: ಅವ್ವ, ನಾವಿಬ್ಬರು, ಆರು ವರ್ಷದ ಮಗಳು, ಕಾಲೇಜಿಗೆ ಹೋಗುವ ತಮ್ಮ. ಹತ್ತು ದಿನ ಮುಗಿಯಿತು. ನಾಯಿ ಆರೋಗ್ಯವಾಗಿಯೇ ಇತ್ತು. ವಾಪಸ್ ಕಳಿಸಿದರೆ ಕಬ್ಬಿನ ಗದ್ದೆ ಅಥವಾ ಔಷಧಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಮನೆಯಾಕೆ ಒಂದೇ ಷರತ್ತು ಹಾಕಿದಳು: 'ಇರಲಿ. ಖರೆ, ಮಗಳಿಗೆ ಒಂದ ಹಲ್ಲ ತಾಕಿದ್ರೂ ಮರುದಿನ ಇದು ನಮ್ಮನ್ಯಾಗ ಇರಬಾರ್ದು ನೋಡ್ರಿ.' ಷರತ್ತು ನ್ಯಾಯವಾದದ್ದೇ ಆಗಿತ್ತು.

ಸುದ್ದಿಗಾರರ ಅಭ್ಯಾಸದಂತೆ ಮೊದಲು ಬಲ್ಲವರನ್ನು ಕೇಳಿದೆವು. ಪಶು ಆಸ್ಪತ್ರೆಯ ವೈದ್ಯರು ಸ್ವಭಾವದ ಮಾತಿಗೆ ಮುಂಚೆ ಮೈ ನೋಡಬೇಕು ಎಂದರು. ನೋವಿರುವ ನಾಯಿ ಬೇಗ ಕಚ್ಚುತ್ತದಂತೆ. ಬಾಯಿ ಕಟ್ಟಿ ಪರೀಕ್ಷಿಸಿದರೆ ಎಡ ಕಿವಿಯೊಳಗೆ ಹಳೆಯ ಹುಣ್ಣು, ಕತ್ತಿನ ಸುತ್ತ ಸರಪಳಿ ಉಜ್ಜಿದ ಗಾಯ. ಮೂರು ವಾರದ ಔಷಧಿ, ಜಂತುನಾಶಕ, ನಾಯಿಗೆ ಪ್ರತಿವರ್ಷ ಹಾಕಿಸಬೇಕಾದ ರೇಬಿಸ್ ಚುಚ್ಚುಮದ್ದು. ಸರಪಳಿ ತೆಗೆದು ಅಗಲ ಬಟ್ಟೆಯ ಪಟ್ಟಿ ಕಟ್ಟಿದೆವು.

ಎರಡನೆಯವರು ನಮ್ಮೂರ ಕುರಿಗಾರ ಅಜ್ಜ. ಮಳೆಗಾಲವಾದ್ದರಿಂದ ಹಿಂಡು ಊರ ಹತ್ತಿರವೇ ಇತ್ತು. ಅಜ್ಜನ ಮೂರು ನಾಯಿಗಳು ರಾತ್ರಿಯಿಡೀ ಕುರಿ ಕಾಯುತ್ತವೆ, ಹಗಲು ಮರದ ನೆರಳಲ್ಲಿ ಕೂಸುಗಳ ಪಕ್ಕ ಮಲಗುತ್ತವೆ. ಬಡಿಗೆ ಸದಾ ಅಜ್ಜನ ಹೆಗಲ ಮೇಲಿದ್ದರೂ ನಾಯಿಯ ಮೇಲೆ ಬಿದ್ದದ್ದನ್ನು ನಾವು ಕಂಡಿಲ್ಲ. 'ಹೊಡದ್ರ ಅಂಜತೈತ್ರಿ, ತಿಳ್ಕೊಳ್ಳಂಗಿಲ್ಲ' ಎಂದರು ಅಜ್ಜ. 'ಅಂಜಿಕಿ ಬ್ಯಾರೆ, ಮಾತ ಕೇಳೂದು ಬ್ಯಾರೆ. ನಾ ಒಂದ ಸೀಟಿ ಹೊಡಿತೀನಿ, ನನ್ನ ಮೊಮ್ಮಗನೂ ಅದ ಸೀಟಿ ಹೊಡಿತಾನ. ದಿನಾ ಒಂದ ಹೊತ್ತಿಗಿ ರೊಟ್ಟಿ, ನುಚ್ಚು, ಮಜ್ಜಗಿ. ನಿನ್ನಿ ಒಂದು ಇವತ್ತೊಂದು ಇಲ್ಲ. ಮುಗೀತ.'

ಮೂರನೆಯದು ಓದು. ನಾಯಿಗೆ ಮನುಷ್ಯ 'ಆಲ್ಫಾ' ಆಗಬೇಕು, ಅದನ್ನು ಅಂಗಾತ ಕೆಡವಿ ಒತ್ತಿಹಿಡಿದು ಯಜಮಾನ ಯಾರೆಂದು ತೋರಿಸಬೇಕು ಎಂಬ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಈ ಮಾತಿನ ಮೂಲ ಹುಡುಕಿದರೆ ಸಿಗುವುದು ನಾಯಿಯಲ್ಲ, ತೋಳ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ ಬರೆದ. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತಂದ ತೋಳದ ಪುಸ್ತಕ ಆ 'ಆಲ್ಫಾ' ಪದವನ್ನು ಜಗತ್ತಿಗೆಲ್ಲ ಹರಡಿತು. ಆಮೇಲೆ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆಗಳನ್ನು ಕಾಡಿನ ತೋಳಗಳ ಹತ್ತಿರವೇ ಕಳೆದರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅವ್ವ, ಮಕ್ಕಳು. ಮುಂದೆ ನಡೆಯುವವರು ಹೊಡೆದಾಡಿ ಗೆದ್ದವರಲ್ಲ, ಹೆತ್ತವರು. 1999ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ತಮ್ಮ ಹಳೆಯ ಪುಸ್ತಕವನ್ನು ಇನ್ನು ಮುದ್ರಿಸಬೇಡಿ ಎಂದು ಪ್ರಕಾಶಕರನ್ನೂ ಕೇಳಿಕೊಂಡರು. ಜೈಲಿನೊಳಗಿನ ಹೊಡೆದಾಟ ನೋಡಿ ಒಂದು ಊರಿನ ಸಂಸಾರಗಳ ಬಗ್ಗೆ ಬರೆದರೆ ಹೇಗಿರುತ್ತದೆ? ಮೊದಲ ವರದಿ ಹಾಗಿತ್ತು. ತಿದ್ದುಪಡಿ ಬಂತು. ಆದರೆ ಮೊದಲ ವರದಿ ಓಡಿದಷ್ಟು ದೂರ ತಿದ್ದುಪಡಿ ಓಡಲಿಲ್ಲ. ಇದು ನಮ್ಮ ವೃತ್ತಿಯವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ನಮ್ಮ ನೆಲದ ಬೀದಿನಾಯಿಗಳ ಮೇಲೂ ಕೆಲಸ ನಡೆದಿದೆ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಯಾವ ತರಬೇತಿಯೂ ಇಲ್ಲದ ಬೀದಿನಾಯಿಗಳ ಮುಂದೆ ಎರಡು ಬಟ್ಟಲಿಟ್ಟು, ಒಂದರ ಕಡೆ ಬೆರಳು ತೋರಿಸಿ ನೋಡಿದರು. ಹತ್ತಿರ ಬಂದ ನಾಯಿಗಳಲ್ಲಿ ಹೆಚ್ಚಿನವು ಬೆರಳು ತೋರಿದ ಕಡೆಗೇ ಹೋದವು. ಆದರೆ ಅಂಜಿದ ನಾಯಿಗಳು ಹತ್ತಿರವೇ ಬರಲಿಲ್ಲ. ಅಜ್ಜ ಹೇಳಿದ್ದೂ ಇದೇ ತಾನೆ? ಮನುಷ್ಯನ ಸನ್ನೆ ಓದುವ ಬುದ್ಧಿ ನಾಯಿಗೆ ಇದ್ದೇ ಇದೆ. ಅಂಜಿಕೆ ಇದ್ದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ.

ಇಷ್ಟು ತಿಳಿದ ಮೇಲೆ ನಮ್ಮ ಮನೆಯೊಳಗೆ ನೋಡಿದೆವು. ಮೋತಿ ಒಳಗೆ ಕಾಲಿಟ್ಟರೆ ಅವ್ವ 'ಹಚಾ' ಎನ್ನುತ್ತಿದ್ದಳು. ಮನೆಯಾಕೆ 'ಹೊರಗ ನಡಿ' ಎನ್ನುತ್ತಿದ್ದಳು. ತಮ್ಮನದು ಇಂಗ್ಲಿಷ್: 'ನೋ, ನೋ.' ಮಗಳು 'ಏಯ್ ಮೋತ್ಯಾ' ಎಂದು ನಗುತ್ತಿದ್ದಳು. ಒಬ್ಬರು ಅಟ್ಟಿದ್ದನ್ನು ಇನ್ನೊಬ್ಬರು ಕರೆಯುತ್ತಿದ್ದರು. ಊಟಕ್ಕೆ ಕೂತಾಗ ನಾಲ್ಕು ಜನ ಗದರಿದರೆ, ಅವ್ವ ಸೆರಗಿನ ಮರೆಯಲ್ಲಿ ರೊಟ್ಟಿಯ ತುಣುಕು ಎಸೆಯುತ್ತಿದ್ದಳು. ಆ ಒಂದು ತುಣುಕಿನ ಶಕ್ತಿ ದೊಡ್ಡದು. ದಿನಾ ಸಿಗುವುದಕ್ಕಿಂತ ಯಾವಾಗಲೋ ಒಮ್ಮೆ ಸಿಗುವುದು ಪ್ರಾಣಿಯನ್ನು ಗಟ್ಟಿಯಾಗಿ ಹಿಡಿದಿಡುತ್ತದೆ ಎಂಬುದನ್ನು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಓಸಿ ಆಡುವವನಿಗೆ ದಿನಾ ನಂಬರ್ ಹತ್ತುವುದಿಲ್ಲ, ಆದರೂ ದಿನಾ ಆಡುತ್ತಾನೆ. ಮೋತಿಯೂ ಊಟದ ಹೊತ್ತಿಗೆ ಅದೇ ಆಸೆಯಿಂದ ಬಂದು ನಿಲ್ಲುತ್ತಿತ್ತು. ಬೈಗುಳ ಬಂದರೂ ಸರಿ, ತುಣುಕು ಬರಬಹುದು.

ಐವರೂ ಕೂತು ಐದು ಸಾಲು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆವು.

ಒಂದು: ಬೇಡ ಎನ್ನಲು 'ಬ್ಯಾಡ' ಒಂದೇ ಮಾತು. ಒಂದೇ ಸಲ, ಸಾದಾ ದನಿಯಲ್ಲಿ.
ಎರಡು: ಬೆಳಿಗ್ಗೆ 7ಕ್ಕೆ, ಸಂಜೆ 7ಕ್ಕೆ ಅದರ ಊಟ. ಉಣ್ಣುವಾಗ ಮಕ್ಕಳು ಹಿತ್ತಲಿಗೆ ಹೋಗಬಾರದು.
ಮೂರು: ನಾವು ಉಣ್ಣುವಾಗ ಯಾರೂ ತುತ್ತು ಹಾಕಬಾರದು. ಅವ್ವನೂ.
ನಾಲ್ಕು: ಮಲಗಿದಾಗ ಮುಟ್ಟಬಾರದು. ಕರೆಯಬೇಕು, ಬಂದರೆ ಸರಿ, ಬಾರದಿದ್ದರೂ ಸರಿ.
ಐದು: ಯಾರೂ ಕೈ ಎತ್ತಬಾರದು, ಚೀರಬಾರದು.

ಎಲ್ಲಕ್ಕಿಂತ ಕಷ್ಟವಾದದ್ದು ಮೂರನೆಯದು, ಅವ್ವನಿಗೆ. 'ಮೂಕ ಪ್ರಾಣಿ ಮುಂದ ಕುಂತು ಹೆಂಗ ಉಣ್ಣೂದೋ' ಎಂದಳು. ಕೊನೆಗೆ ಒಪ್ಪಂದವಾಯಿತು: ಅವ್ವನ ಪಾಲಿನ ರೊಟ್ಟಿ ಸಂಜೆ 7ರ ತಟ್ಟೆಗೆ ಸೇರುತ್ತದೆ, ಅದನ್ನು ಇಡುವವಳೂ ಅವ್ವನೇ. ಮೊದಲ ವಾರ ಮೋತಿ ಊಟದ ಹೊತ್ತಿಗೆ ಮೊದಲಿಗಿಂತ ಜೋರಾಗಿ ಕುಂಯ್‌ಗುಟ್ಟಿತು. ಸಿಗುತ್ತಿದ್ದದ್ದು ನಿಂತಾಗ ಪ್ರಾಣಿ ಮೊದಲು ಇನ್ನೂ ಹೆಚ್ಚು ಕೇಳುತ್ತದೆ. ಆ ವಾರ ಸೋತು ಒಂದು ತುಣುಕು ಹಾಕಿದರೆ ಜೋರಾಗಿ ಕೇಳಿದರೆ ಸಿಗುತ್ತದೆ ಎಂಬ ಪಾಠವಾಗುತ್ತದೆ. ಹನ್ನೆರಡನೇ ದಿನಕ್ಕೆ ಅದು ತಾನಾಗಿ ಹೊಸ್ತಿಲ ಹೊರಗೆ ಮಲಗತೊಡಗಿತು.

ತಟ್ಟೆಯ ಭಯ ಬಿಡಿಸಲು ಪಶು ವೈದ್ಯರು ಹೇಳಿದ ದಾರಿ ಬೇರೆ. ತಟ್ಟೆಗೆ ಕೈ ಹಾಕುವುದಲ್ಲ, ತೆಗೆದುಕೊಳ್ಳುವುದಲ್ಲ. ಅದು ಉಣ್ಣುವಾಗ ದೊಡ್ಡವರೊಬ್ಬರು ಎಂಟು ಹೆಜ್ಜೆ ದೂರದಲ್ಲಿ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದದ್ದೊಂದನ್ನು ಎಸೆದು, ನಿಲ್ಲದೆ ಹೋಗಿಬಿಡಬೇಕು. ನಾವು ಬೇಯಿಸಿದ ಮೊಟ್ಟೆಯ ಚೂರು ಎಸೆದೆವು. ಮೈ ಬಿಗಿಯದಿದ್ದರೆ ನಾಲ್ಕು ದಿನಕ್ಕೊಮ್ಮೆ ಅರ್ಧ ಹೆಜ್ಜೆ ಹತ್ತಿರ. ಬಿಗಿದರೆ ಒಂದು ಹೆಜ್ಜೆ ಹಿಂದಕ್ಕೆ. ಗಂಟೆಯ ಸದ್ದಿಗೂ ಊಟಕ್ಕೂ ನಂಟು ಬೆಳೆಸಿದ ಪಾವ್ಲೋವ್‌ನ ಪಾಠವನ್ನು ನಾವು ಪಿಯುಸಿಯಲ್ಲಿ ಓದಿದ್ದೇವಲ್ಲ, ಅದೇ ಇದು. ಮನುಷ್ಯ ಹತ್ತಿರ ಬಂದರೆ ಊಟ ಹೋಗುತ್ತದೆ ಎಂದು ಕಲಿತ ನಾಯಿಗೆ, ಮನುಷ್ಯ ಬಂದರೆ ಊಟ ಹೆಚ್ಚುತ್ತದೆ ಎಂದು ಕಲಿಸುವುದು. ಎರಡೂವರೆ ತಿಂಗಳು ಹಿಡಿಯಿತು.

ಈ ನಡುವೆ ನಾವು ಅದರ ಮೈಭಾಷೆ ಕಲಿತೆವು. ಬಾಲ ಆಡಿಸಿದರೆ ನಾಯಿ ಖುಷಿಯಾಗಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಬಾಲದ ಆಟ ಬರೀ ಉದ್ವೇಗವೂ ಆಗಿರಬಹುದು. ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಡೆಯನನ್ನು ಕಂಡ ನಾಯಿಗಳ ಬಾಲ ಬಲಕ್ಕೆ ಹೆಚ್ಚು ವಾಲಿದರೆ, ಗತ್ತಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ ಹೆಚ್ಚು ವಾಲಿತ್ತು. ಬರಿಗಣ್ಣಿಗೆ ಎಡ ಬಲ ಹಿಡಿಯುವುದು ಸುಲಭವಲ್ಲ. ಕಾಣುವ ಗುರುತುಗಳು ಬೇರೆ ಇವೆ: ಬಾಲ ನೆಟ್ಟಗೆ ನಿಂತು ತುದಿ ಮಾತ್ರ ನಡುಗುವುದು, ಕಿವಿ ಹಿಂದಕ್ಕೆ ಅಂಟುವುದು, ಹಸಿವಿಲ್ಲದೆ ಮೂಗು ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸುವುದು. ಕೊನೆಯದಾಗಿ ಕಲ್ಲಿನಂತೆ ನಿಲ್ಲುವುದು. ಅಳಿಯನನ್ನು ಕಚ್ಚುವ ಮುನ್ನ ಮೋತಿ 'ಸುಮ್ಮನೆ ನಿಂತಿತ್ತು' ಎಂದರಲ್ಲ, ಆ ಸುಮ್ಮನೆಯೇ ಅದರ ಬಳಿ ಉಳಿದಿದ್ದ ಕೊನೆಯ ಮಾತು.

ಓಟವೂ ಬೇಕಿತ್ತು. ಬೆಳಿಗ್ಗೆ ಐದೂವರೆಗೆ, ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆಗಿಳಿಯುವ ಮುಂಚೆ, ಖಾಲಿ ಹೊಲಕ್ಕೆ ಒಯ್ಯುತ್ತೇವೆ. ಹಗ್ಗ ಮೂವತ್ತು ಅಡಿ. ಕಣ್ಣಿಗೆ ಬಿದ್ದದ್ದರ ಹಿಂದೆ ಹೋಗುವ ತಳಿ ಇದು. ಮೊಲವೋ ಆಡಿನ ಮರಿಯೋ ಕಂಡರೆ ಕರೆದ ಹೆಸರು ಕಿವಿಗೆ ಬೀಳುವುದಿಲ್ಲ, ಆದ್ದರಿಂದ ಹಗ್ಗ ಬಿಡುವುದಿಲ್ಲ. ಓಡಿ ಬಂದ ದಿನ ಮೋತಿ ಮಧ್ಯಾಹ್ನದವರೆಗೆ ಕಾಲು ಚಾಚಿ ಮಲಗುತ್ತದೆ. ನಾವು ಸುದ್ದಿಗೆಂದು ಬೇಗ ಹೊರಟು ಓಟ ತಪ್ಪಿದ ದಿನ ಬಾಗಿಲ ಚೌಕಟ್ಟು ಕಡಿಯುತ್ತದೆ. ಅದನ್ನು ಹಟ ಎನ್ನುವ ಮುಂಚೆ ಬೆಳಿಗ್ಗೆ ಓಡಿತ್ತೇ ಎಂದು ಕೇಳಬೇಕು. ಈಗ ಅಂಥ ದಿನ ತಮ್ಮ ಒಯ್ಯುತ್ತಾನೆ.

ಐದನೇ ಸಾಲಿನ 'ಚೀರಬಾರದು' ಎಂಬುದು ನಾಯಿಗಿಂತ ನಮಗೆ ಬರೆದ ಸಾಲು. ನಮ್ಮ ಕೆಲಸ ನಿಮಗೆ ಗೊತ್ತು. ಸಂಜೆ ಆರೂವರೆಗೆ ಡೆಸ್ಕಿನಿಂದ ಕರೆ, ಫೋಟೊ ಹೋಗಿಲ್ಲ, ನೆಟ್‌ವರ್ಕ್ ಇಲ್ಲ, ತಿಂಗಳ ದುಡ್ಡು ಬಂದಿಲ್ಲ. ಫೋನಿನಲ್ಲಿ ದನಿ ಏರಿದರೆ ಮೋತಿ ಮಂಚದ ಕೆಳಗೆ ಸೇರುತ್ತಿತ್ತು. ಸ್ವೀಡನ್ನಿನ ಸಂಶೋಧಕರು 2019ರಲ್ಲಿ 58 ನಾಯಿಗಳ ಹಾಗೂ ಅವುಗಳ ಒಡತಿಯರ ಕೂದಲಿನಲ್ಲಿ ಒತ್ತಡದ ಹಾರ್ಮೋನು ಅಳೆದು, ಎರಡೂ ಜೊತೆಜೊತೆಗೆ ಏರಿಳಿಯುವುದನ್ನು ಕಂಡರು. ಡೆಸ್ಕಿನ ಕರೆ ಈಗ ಕಟ್ಟೆಯ ಮೇಲೆ. ಮನೆಯೊಳಗೆ ಬರುವಷ್ಟರಲ್ಲಿ ದನಿ ಇಳಿದಿರುತ್ತದೆ. ಇದರಿಂದ ಮಗಳಿಗೂ ಒಳ್ಳೆಯದಾಗಿದೆ ಎಂಬುದು ಮನೆಯಾಕೆಯ ಅಭಿಪ್ರಾಯ.

ಸಂಕ್ರಾಂತಿಯ ಹಿಂದಿನ ಸಂಜೆ ಮಗಳು ಕೈಯಲ್ಲಿ ಸಜ್ಜೆ ರೊಟ್ಟಿ ಹಿಡಿದು, ಎಲುಬು ಕಡಿಯುತ್ತಿದ್ದ ಮೋತಿಯ ತೀರ ಪಕ್ಕದಲ್ಲಿ ಹೋದಳು. ಮೋತಿ ಎಲುಬು ಬಿಡದೆ, ತಲೆ ಎತ್ತದೆ, ಗುರ್ ಎಂದಿತು. ಮನೆಯೆಲ್ಲ ಸ್ತಬ್ಧ. ನಮ್ಮ ಮನೆಗೆ ಬಂದ ಐದು ತಿಂಗಳಲ್ಲಿ ಅದರ ಬಾಯಿಂದ ಆ ಸದ್ದು ಕೇಳಿದ್ದು ಅದೇ ಮೊದಲು. ಷರತ್ತು ಹಾಕಿದ್ದ ಮನೆಯಾಕೆ ಒಲೆಯ ಮುಂದಿನಿಂದ ಏಳದೆ, ಸಾದಾ ದನಿಯಲ್ಲಿ ಹೇಳಿದಳು: 'ಬಾ ಪುಟ್ಟಾ, ಇತ್ತ ಬಾ. ಅದು ಉಣ್ಣಾಕತ್ತೈತಿ.' ಮಗಳು ಬಂದಳು. ಮೋತಿ ಎಲುಬು ಮುಗಿಸಿತು. ಯಾರೂ ಗದರಲಿಲ್ಲ, ಯಾರೂ ಎಲುಬು ಕಸಿಯಲಿಲ್ಲ. ರೊಟ್ಟಿ ಬಡಿಯುತ್ತಲೇ ಆಕೆ ನಮ್ಮ ಕಡೆ ನೋಡಿ ಅಂದಳು: 'ಇದಕ್ಕ ಬಾಯಿ ಬಂತ್ರಿ.'

ಹೊರಗಿನವರಿಗೆ ಇದು ನಾಯಿ ಕೆಟ್ಟ ಲಕ್ಷಣ. ನಮಗೆ ಅದು ಅಷ್ಟು ತಿಂಗಳಿನ ಫಲ. ಈಗ ಮೋತಿ ಬೇಡವೆನಿಸಿದ್ದನ್ನು ಬಾಯಿಬಿಟ್ಟು ಹೇಳುತ್ತದೆ, ನಾವು ಕೇಳುತ್ತೇವೆ, ಅದರ ಹಲ್ಲಿಗೆ ಕೆಲಸವಿಲ್ಲ. ಹಾಗೆಂದು ಮಗಳನ್ನು ಅದರ ಜೊತೆ ಒಂಟಿಯಾಗಿ ಬಿಡುವುದಿಲ್ಲ. ಒಮ್ಮೆ ಕಚ್ಚಿದ ನಾಯಿಯ ವಿಷಯದಲ್ಲಿ ಆ ನಿಯಮ ಎಂದಿಗೂ ಸಡಿಲವಾಗದು.

ಯುಗಾದಿಗೆ ಅಕ್ಕ, ಭಾವ, ಅಳಿಯ ಬಂದರು. ಮೋತಿ ಹೊಸ್ತಿಲ ಹೊರಗೆ ಮಲಗಿದ್ದನ್ನು ಭಾವ ಬಹಳ ಹೊತ್ತು ನೋಡಿದರು. ಊಟವಾದ ಮೇಲೆ ಕೇಳಿದರು: 'ಈಗ ಛಲೋ ಆಗೇತಲ್ಲ, ನಾವು ಹೊಳ್ಳಿ ಒಯ್ಯಲೇನು?'

ಕೇಳಿದ್ದರಲ್ಲಿ ತಪ್ಪಿಲ್ಲ, ನಾಯಿ ಅವರದೇ. ಅಳಿಯನ ಮುಖವೂ ಆಸೆಯಿಂದ ಅರಳಿತ್ತು. ಆದರೆ ಮೋತಿ ಒಳ್ಳೆಯದಾಗಿ ಬದಲಾಗಿದೆ ಎನ್ನುವುದು ಅರ್ಧ ಮಾತು. ಬದಲಾದದ್ದು ಅದರ ಸುತ್ತಲಿನ ಐದು ಜನ. ಈ ಮನೆಯಲ್ಲಿ ನಾಳೆ ಏನಾಗುತ್ತದೆ ಎಂಬುದು ಅದಕ್ಕೆ ಇವತ್ತೇ ಗೊತ್ತು, ಆದ್ದರಿಂದ ಅದು ನಿಶ್ಚಿಂತೆಯಿಂದ ಮಲಗುತ್ತದೆ. ಪೆಟ್ಟು ತಿಂದ ಜಾಗಕ್ಕೆ ಹಾಗೆಯೇ ಒಯ್ದರೆ ಹಳೆಯ ಮೋತಿ ಹೊರಬರಲು ಹೆಚ್ಚು ದಿನ ಬೇಕಿಲ್ಲ. ಆ ಮನೆಯಲ್ಲಿ ಎರಡನೇ ಸಲ ಕಚ್ಚಿದರೆ ಅದನ್ನು ಉಳಿಸುವವರು ಯಾರೂ ಇಲ್ಲ.

ಇದನ್ನು ಭಾವನಿಗೆ ಮುಖಕ್ಕೆ ಹೇಳುವುದು ಸುಲಭವಿರಲಿಲ್ಲ. ಅಕ್ಕನ ಗಂಡ, ಮನೆಗೆ ಬಂದ ಹಿರಿಯ. ಅವ್ವನೇ ಬಾಯಿ ತೆಗೆದಳು: 'ನಾಯಿ ಒಯ್ಯಾಕ ಬರತೈತ್ರಿ ಅಳಿಯಂದಿರ. ಮೊದಲ ಬಾಗಿಲಾಗಿನ ಕಾಗದ ಒಯ್ರಿ.' ಭಾವ ನಕ್ಕರು, ಆಮೇಲೆ ಎದ್ದು ಹೋಗಿ ಕಾಗದ ಓದಿದರು. ಏನೂ ಹೇಳಲಿಲ್ಲ. ಹುಡುಗ ತನ್ನ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಐದೂ ಸಾಲು ಬರೆದುಕೊಂಡ. ಕೆಳಗೆ ತಾನೇ ಆರನೆಯದೊಂದು ಸೇರಿಸಿದ: 'ಮೋತಿ ಗುರ್ ಅಂದ್ರ ಯಾರೂ ಅದಕ್ಕ ಹೊಡಿಬಾರ್ದು.' ಮುಂಗೈ ಮೇಲಿನ ಕಲೆ ಬರೆಯುವಾಗ ಕಾಣುತ್ತಿತ್ತು.

ಅಂದಿನಿಂದ ಭಾನುವಾರ ಭಾವ, ಅಳಿಯ ಬೈಕಿನಲ್ಲಿ ಬರುತ್ತಾರೆ. ಹುಡುಗನಿಗೆ ಹೇಳಿಕೊಟ್ಟಿದ್ದೇವೆ: ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ತಿರುಗು, ಕೈ ಚಾಚಬೇಡ, ಅದೇ ಬಂದು ಮೂಸಲಿ. ಮೋತಿ ಅವನ ಚಪ್ಪಲಿ ಮೂಸಿ ಪಕ್ಕದಲ್ಲಿ ಕೂರುತ್ತದೆ. 'ಮಾಮಾ, ಇದಕ್ಕ ನನ್ನ ಕಚ್ಚಿದ್ದು ನೆನಪ ಐತೇನು?' ಎಂದು ಒಮ್ಮೆ ಕೇಳಿದ. 'ಅದನ್ನ ಬಿಡು, ಇವತ್ತ ನೀ ಹೆಂಗ ನಿಂತಿ ಅನ್ನೂದು ನೆನಪಿಟ್ಟಕೊಳ್ತೈತಿ' ಎಂದೆವು.

ಭಾವನ ವಿಷಯ ನಿಧಾನ. ಅವರು ಬಂದ ಕೂಡಲೇ ಮೋತಿ ಹಿತ್ತಲು ಸೇರುತ್ತಿತ್ತು. ಕಾರಣ ನಾವು ಹೇಳಬೇಕಾಗಲಿಲ್ಲ. ಒಮ್ಮೆ ಕೂರುವಾಗ ಅವರ ಬೆಲ್ಟಿನ ಬಕ್ಕಲ್ ಸದ್ದು ಮಾಡಿತು, ಮೋತಿ ಒಂದೇ ನೆಗೆತಕ್ಕೆ ಹೊರಗೋಡಿತು. ಅವರು ಅದನ್ನು ನೋಡಿದರು. ಕಳೆದ ಎರಡು ಭಾನುವಾರ ಲುಂಗಿಯಲ್ಲಿ ಬಂದಿದ್ದಾರೆ. ಕಟ್ಟೆಯ ತುದಿಯಲ್ಲಿ ನಮ್ಮ ಕಡೆಗೆ ತಿರುಗಿ ಕೂರುತ್ತಾರೆ, ಬೇಯಿಸಿದ ಮೊಟ್ಟೆಯ ಚೂರು ಪಕ್ಕಕ್ಕೆ ಎಸೆಯುತ್ತಾರೆ, ಅದರ ಕಡೆ ನೋಡುವುದಿಲ್ಲ. ಮೊನ್ನೆ ಮೋತಿ ಆರು ಹೆಜ್ಜೆ ದೂರದವರೆಗೆ ಬಂದು ತಿಂದು ಹೋಯಿತು. ಒಯ್ಯುವ ಮಾತನ್ನು ಈಗ ಯಾರೂ ಎತ್ತಿಲ್ಲ. ಬರುವ ಭಾನುವಾರವೂ ಬರುತ್ತೇನೆ ಎಂದು ಹೇಳಿ ಹೋಗಿದ್ದಾರೆ.